ಕೆರೆಯ ಆಮೆಯೂ ನಮ್ಮ ಲೆಕ್ಕದ ಪುಸ್ತಕವೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಗಡಿನಾಡಿನ ಕನ್ನಡ ಸಂಘದ ಉತ್ಸವದಲ್ಲಿ ಮಾತನಾಡಲು ನಿಂತವನು ನಾಡಿನ ವಿಷಯವನ್ನೋ ನುಡಿಯ ವಿಷಯವನ್ನೋ ಎತ್ತಿಕೊಳ್ಳುವನೆಂದು ನೀವು ಎಣಿಸುವುದು ಸಹಜ. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಹೇಳಬಲ್ಲ ಹಿರಿಯರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾನು ಬಹುಕಾಲ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ಒಬ್ಬ ಸಾಮಾನ್ಯ ಉಪಾಧ್ಯಾಯ. ನಾನು ಇಂದು ಹೇಳಬೇಕೆಂದಿರುವುದು ಆಮೆಯ ವಿಷಯ. ಈ ಮಾತು ಕೇಳಿ ಹಿಂದಿನ ಸಾಲಿನಲ್ಲಿ ಕೆಲವರು ಮುಗುಳ್ನಗುತ್ತಿರುವುದು ನನಗೆ ಕಾಣುತ್ತಿದೆ. ಆಮೆ ಹೊಕ್ಕ ಮನೆ ಏಳಿಗೆಯಾಗದೆಂದು ನಂಬುವವರೂ ನಾವೇ. ಅದೇ ಆಮೆಯನ್ನು ಮಂದರಪರ್ವತವನ್ನು ಬೆನ್ನಮೇಲೆ ಹೊತ್ತ ಶ್ರೀಕೂರ್ಮನೆಂದು ಕೈಮುಗಿಯುವವರೂ ನಾವೇ. ನಮ್ಮ ಕೆರೆಯಲ್ಲಿರುವ ಆಮೆಯ ವಿಷಯವಾಗಿ ನಮಗೆ ತಿಳಿದಿರುವುದೆಷ್ಟು ಎಂದು ಕೇಳಿದರೆ ಮಾತ್ರ, ಭಯಪಡುವವರೂ ಭಕ್ತಿಯುಳ್ಳವರೂ ಒಟ್ಟಿಗೇ ಮೌನವಾಗುತ್ತೇವೆ. ಆ ಮೌನದ ಕುರಿತಾಗಿಯೇ ನನ್ನ ಈ ನಾಲ್ಕು ಮಾತುಗಳು.

ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ನಾನು ಹತ್ತು ವರ್ಷದ ಹುಡುಗನಾಗಿದ್ದಾಗ ನಮ್ಮ ಮನೆಯ ಹಿತ್ತಲಲ್ಲಿ ಕಲ್ಲುಕಟ್ಟಡದ ಒಂದು ಸೇದುವ ಬಾವಿಯಿತ್ತು. ಒಂದು ಬೇಸಗೆ ನೀರಿನಲ್ಲಿ ಹುಳು ಕಾಣಿಸಿಕೊಂಡವು. ನಮ್ಮ ಅಜ್ಜಿ, “ಮಗಾ, ಕೆರೆಯಿಂದ ಒಂದು ಆಮೆ ತಂದು ಬಿಡು. ಆಮೆಯಿದ್ದ ಬಾವಿಯ ನೀರು ತಿಳಿಯಾಗಿರುತ್ತದೆ” ಎಂದರು. ಬತ್ತುತ್ತಿದ್ದ ಕೆರೆಯ ಕೆಸರಿನಿಂದ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಆಮೆಯನ್ನು ಹಿಡಿದು, ಬಕೀಟಿನಲ್ಲಿ ಹೊತ್ತು ತಂದು ಬಾವಿಗೆ ಬಿಟ್ಟೆ. ಅಜ್ಜಿಯ ಮಾತು ಸುಳ್ಳಾಗಲಿಲ್ಲ, ಹುಳು ಕಡಮೆಯಾದವು. ಕೊಡ ಇಳಿದ ಸದ್ದಿಗೆ ಆಮೆ ಮೇಲಕ್ಕೆ ಬಂದು ಮೂಗು ತೋರಿಸುತ್ತಿತ್ತು. ಮನೆಯ ಹೆಂಗಸರು ಅದಕ್ಕೆ ಅನ್ನದ ಅಗುಳು ಹಾಕುತ್ತಿದ್ದರು. ಅದು ನಮ್ಮ ಮನೆಯ ಒಬ್ಬ ಸದಸ್ಯನೇ ಆಗಿಹೋಯಿತು.

ಮುಂದೆ ನಾನು ಓದಿಗಾಗಿ, ಆಮೇಲೆ ಉದ್ಯೋಗಕ್ಕಾಗಿ ಊರು ಬಿಟ್ಟೆ. ಊರಿನ ಸುತ್ತ ಕೊಳವೆಬಾವಿಗಳು ಬಂದವು. ಸೇದುವ ಬಾವಿಗಳು ಒಂದೊಂದಾಗಿ ಬತ್ತಿದವು. ಹಲವು ವರ್ಷಗಳ ಮೇಲೆ ನಾನು ಹಿಂದಿರುಗಿದಾಗ ನಮ್ಮ ಬಾವಿಯಲ್ಲಿ ಕಸವೂ ಕಲ್ಲೂ ತುಂಬಿದ್ದವು. ಆಮೆ ಏನಾಯಿತೆಂದು ಮನೆಯಲ್ಲಿ ಯಾರಿಗೂ ತಿಳಿಯದು. ನಾನೂ ಆವರೆಗೆ ಯಾರನ್ನೂ ಕೇಳಿರಲಿಲ್ಲ. ಕಲ್ಲುಕಟ್ಟಡದ ಬಾವಿಯಲ್ಲಿ ಆಮೆಗೆ ಮೊಟ್ಟೆಯಿಡಲು ಒಂದು ಹಿಡಿ ಮಣ್ಣೂ ಇಲ್ಲವೆಂಬುದು, ಅಷ್ಟು ವರ್ಷವೂ ಅದು ಒಂಟಿಯಾಗಿ ಸಂತಾನವಿಲ್ಲದೆ ಬಾಳಿತೆಂಬುದು ನನಗೆ ಹೊಳೆದದ್ದು ಇನ್ನೂ ಎಷ್ಟೋ ಕಾಲದ ಮೇಲೆ. ನಾವು ಅದನ್ನು ಪ್ರೀತಿಸಿರಲಿಲ್ಲವೆಂದಲ್ಲ, ಅರಿತಿರಲಿಲ್ಲ. ಅರಿವಿಲ್ಲದ ಪ್ರೀತಿ ಎಷ್ಟು ಕ್ರೂರವಾಗಬಹುದೆಂಬುದಕ್ಕೆ ಆ ಬಾವಿ ನನಗೆ ಇಂದಿಗೂ ಸಾಕ್ಷಿ.

ನಮ್ಮ ಸೀಮೆಯಲ್ಲಿ ಜನ ಸಾಮಾನ್ಯವಾಗಿ ಕಾಣುವ ಆಮೆಗಳು ಮೂರು ಬಗೆ. ತೆಲುಗಿನ ನೆರೆಯವರು ಮೂರನ್ನೂ ತಾಬೇಲು ಎನ್ನುವರು, ನಾವು ಮೂರನ್ನೂ ಆಮೆ ಎನ್ನುವೆವು. ಆದರೆ ಮೂರರ ಬಾಳುವೆಯೂ ಬೇರೆ ಬೇರೆ. ಮೊದಲನೆಯದು ಕೆರೆಯ ಮೆತ್ತನೆಯ ಚಿಪ್ಪಿನ ಆಮೆ. ನಾನು ಬಾವಿಗೆ ಬಿಟ್ಟದ್ದು ಇದನ್ನೇ. ಇದರ ಬೆನ್ನು ಹಸಿರು ಬೆರೆತ ಕಂದು ಬಣ್ಣದ್ದು. ಮೇಲೆ ತೊಗಲು ಹೊದಿಸಿದಂತೆ ನುಣುಪು. ಕೊರಳು ನೀಳ, ಮೂಗು ಸಣ್ಣ ಕೊಳವೆಯಂತೆ. ಹೊಟ್ಟೆಯ ಹಿಂಭಾಗದಲ್ಲಿ ಎರಡು ಮುಚ್ಚಳಗಳಂತಹ ತೊಗಲಿನ ಮಡಿಕೆಗಳಿರುವುವು. ಹಿಂಗಾಲುಗಳನ್ನು ಒಳಗೆಳೆದುಕೊಂಡು ಅವುಗಳಿಂದ ಮುಚ್ಚಿಕೊಳ್ಳುವುದು. ವಿಜ್ಞಾನಿಗಳು ಇದನ್ನು ಲಿಸ್ಸೆಮಿಸ್ ಪಂಕ್ಟೇಟ ಎಂದು ಕರೆಯುತ್ತಾರೆ. ಬಸವನಹುಳು, ಕಪ್ಪೆ, ಮೀನು, ಹುಳುಹುಪ್ಪಟೆ, ನೀರಿನ ಸೊಪ್ಪು, ಸತ್ತ ಪ್ರಾಣಿಗಳ ಮಾಂಸ ಎಲ್ಲವನ್ನೂ ತಿಂದು ಕೆರೆಯನ್ನು ಚೊಕ್ಕಟವಾಗಿಡುವ ಜೀವಿ ಇದು.

ಎರಡನೆಯದು ಗಟ್ಟಿ ಚಿಪ್ಪಿನ ಕರಿಯ ಆಮೆ, ಮೆಲನೋಕೆಲಿಸ್ ಟ್ರೈಜುಗ. ಇದರ ಬೆನ್ನಮೇಲೆ ಉದ್ದಕ್ಕೂ ಮೂರು ಏಣುಗಳಿರುವುವು. ‘ಟ್ರೈಜುಗ’ ಎಂಬ ಹೆಸರಿನಲ್ಲಿಯೇ ಆ ಮೂರು ಸೇರಿಕೊಂಡಿದೆ. ಮೂರನೆಯದು ನೀರಿನದಲ್ಲ, ನೆಲದ್ದು. ಕುರುಚಲು ಕಾಡಿನಲ್ಲಿ, ಹೊಲದ ಬದುಗಳಲ್ಲಿ, ಗುಡ್ಡದ ತಪ್ಪಲಿನಲ್ಲಿ ಹುಲ್ಲು ಸೊಪ್ಪು ಮೇಯುವ ನಕ್ಷತ್ರ ಆಮೆ. ಗೋಪುರದಂತೆ ಉಬ್ಬಿದ ಕರಿಯ ಚಿಪ್ಪಿನ ಮೇಲೆ ಹಳದಿ ಕಿರಣಗಳ ನಕ್ಷತ್ರಗಳನ್ನು ಬರೆದುಕೊಂಡಿರುವ ಈ ಪ್ರಾಣಿಗೆ ಆನೆಯ ಕಾಲಿನಂತಹ ಮೋಟು ಕಾಲುಗಳು. ಈಜಲು ಬಾರದ ಇದನ್ನು ಕಂಡು, “ಪಾಪ, ನೀರಿಲ್ಲದೆ ಒದ್ದಾಡುತ್ತಿದೆ” ಎಂದು ಮರುಕಪಟ್ಟು ಎತ್ತಿಕೊಂಡು ಹೋಗಿ ಕೆರೆಗೆ ಎಸೆಯುವ ಪುಣ್ಯಾತ್ಮರೂ ಉಂಟು. ಆ ಪುಣ್ಯಕಾರ್ಯದಲ್ಲಿ ಆಮೆ ಮುಳುಗಿ ಸಾಯುತ್ತದೆ. ಅರಿವಿಲ್ಲದ ಪ್ರೀತಿಗೆ ಇದು ಇನ್ನೊಂದು ಉದಾಹರಣೆ.

ಇನ್ನು ಈ ಜೀವಿಗಳು ನೆಲೆಸಿರುವ ನಾಡನ್ನು ನೋಡಿ. ವರ್ಷಕ್ಕೆ ಸರಾಸರಿ ಸುಮಾರು ೫೫ ಸೆಂಟಿಮೀಟರು ಮಳೆ ಬೀಳುವ ಸೀಮೆ ನಮ್ಮದು. ರಾಯದುರ್ಗದ ಕಡೆ ಹಗರಿಯ ಮರಳು ಗಾಳಿಗೆ ಎದ್ದು ಹೊಲಗಳ ಮೇಲೆ ದಿಬ್ಬ ಕಟ್ಟುವುದನ್ನು ನೀವೆಲ್ಲರೂ ಕಂಡಿದ್ದೀರಿ. ಇಂತಹ ನೆಲದಲ್ಲಿ ಜನ ಬಾಳಿದ್ದು ಕೆರೆಗಳ ಬಲದಿಂದ. ಮಡಕಶಿರದ ಸೆರಗಿನಲ್ಲಿರುವ ಹೇಮಾವತಿ, ಅಂದಿನ ಹೆಂಜೇರು, ನೊಳಂಬರ ರಾಜಧಾನಿಯಾಗಿತ್ತು. ನಮ್ಮ ಪೂರ್ವಿಕರು ಕೆರೆ ಕಟ್ಟಿದವನಿಗೆ ಭೂಮಿಯನ್ನು ಕೊಡಗೆಯಾಗಿ ಕೊಟ್ಟರು, ಅದನ್ನು ಕಲ್ಲಿನ ಮೇಲೆ ಬರೆಸಿದರು. ನೆರೆಯ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ೧೩೬೯ರ ಒಂದು ಶಾಸನವುಂಟು; ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಅದರಲ್ಲಿ ಎಣಿಸಿ ಹೇಳಿದೆ. ಕಂಡದ್ದನ್ನು ಎಣಿಸಿ ಬರೆದಿಡುವುದು ನಮಗೆ ಹೊರಗಿನಿಂದ ಬಂದ ವಿದ್ಯೆಯಲ್ಲವೆಂಬುದಕ್ಕೆ ಆ ಒಂದು ಕಲ್ಲು ಸಾಕು.

ಬತ್ತುವ ಕೆರೆಯಲ್ಲಿ ಬದುಕುವ ವಿದ್ಯೆಯನ್ನು ಆಮೆ ಕಲಿತಿದೆ. ನೀರು ಇಂಗುತ್ತ ಬಂದಂತೆ ಮೆತ್ತನೆಯ ಚಿಪ್ಪಿನ ಆಮೆ ಕೆಸರಿನೊಳಗೆ ಇಳಿಯುತ್ತದೆ. ಮೇಲೆ ಕೆಸರು ಒಣಗಿ ಬಿರಿದು ಹೆಂಚಿನಂತಾದರೂ, ಕೆಳಗೆ ಅದು ಉಣ್ಣದೆ ಅಲುಗದೆ ತಿಂಗಳುಗಟ್ಟಲೆ ಮಲಗಿರಬಲ್ಲುದು. ಮಳೆ ಬಿದ್ದು ನೆಲ ನೆನೆದಾಗ ಎದ್ದು ಬರುತ್ತದೆ. ಭೂಮಿಯ ಮೇಲೆ ಇಪ್ಪತ್ತು ಕೋಟಿ ವರ್ಷಗಳಿಗಿಂತ ಹೆಚ್ಚು ಕಾಲದಿಂದ ಬಾಳಿಬಂದಿರುವ ಕುಲ ಅದರದು. ಬರವೆಂಬುದು ಅದಕ್ಕೆ ಹೊಸದಲ್ಲ.

ಹೊಸದಾದುವು ಬೇರೆ. ಹಿಂದೆ ಕೆರೆಯ ಹೂಳನ್ನು ಗುದ್ದಲಿ ಮಂಕರಿಗಳಿಂದ ತೆಗೆಯುತ್ತಿದ್ದರು. ಆಮೆ ಕಂಡರೆ ಕೈ ತಡೆಯುತ್ತಿತ್ತು. ಇಂದು ಬೇಸಗೆಯಲ್ಲಿ ಜೆಸಿಬಿ ಯಂತ್ರ ಇಳಿಯುತ್ತದೆ. ಯಂತ್ರದ ಹಲ್ಲಿಗೆ ಮಣ್ಣೂ ಒಂದೇ, ಮಣ್ಣಿನೊಳಗೆ ಮಲಗಿದ ಆಮೆಯೂ ಒಂದೇ. ಮೊದಲ ಮಳೆಗೆ ಕೆರೆಯಿಂದ ಕೆರೆಗೆ ಹೊರಟ ಆಮೆಗೆ ನಡುವೆ ಅಗಲವಾದ ಡಾಂಬರು ರಸ್ತೆ ಎದುರಾಗುತ್ತದೆ. ಇವೆಲ್ಲಕ್ಕಿಂತ ದೊಡ್ಡದು ಮನುಷ್ಯನ ಆಸೆ. ಮೆತ್ತನೆಯ ಚಿಪ್ಪಿನದನ್ನು ಮಾಂಸಕ್ಕಾಗಿಯೂ, ನಕ್ಷತ್ರ ಆಮೆಯನ್ನು ದೂರದೇಶದ ಶ್ರೀಮಂತರ ಮನೆಯ ಆಟಿಕೆಗಾಗಿಯೂ ಹಿಡಿದು ಸಾಗಿಸುವ ಕಳ್ಳ ವ್ಯಾಪಾರ ನಡೆಯುತ್ತಿದೆ. ೨೦೦೯ರ ಸೆಪ್ಟೆಂಬರಿನಿಂದ ೨೦೧೯ರ ಸೆಪ್ಟೆಂಬರಿನವರೆಗೆ ಭಾರತದಲ್ಲಿ ಹೀಗೆ ಕಳ್ಳ ವ್ಯಾಪಾರಕ್ಕೆ ಸಿಕ್ಕಿದ ಆಮೆಗಳ ಸಂಖ್ಯೆ ಕಡೆಯ ಪಕ್ಷ ೧,೧೧,೩೧೦ ಎಂದು ಟ್ರಾಫಿಕ್ ಎಂಬ ಸಂಸ್ಥೆ ಲೆಕ್ಕ ಹಾಕಿದೆ. ಎಂದರೆ ವಾರಕ್ಕೆ ಇನ್ನೂರಕ್ಕೂ ಮೇಲೆ. ಅವುಗಳಲ್ಲಿ ಅತಿ ಹೆಚ್ಚಿನ ಪಾಲು ನಕ್ಷತ್ರ ಆಮೆಯದು. ೨೦೧೫ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ನಮ್ಮ ದೇಶದ ಒಂದೇ ಒಂದು ವ್ಯಾಪಾರಕೇಂದ್ರದ ಮೂಲಕ ವರ್ಷಕ್ಕೆ ಕಡೆಯ ಪಕ್ಷ ೫೫,೦೦೦ ನಕ್ಷತ್ರ ಆಮೆಗಳು ಕಾಡಿನಿಂದ ಹೋಗುತ್ತಿದ್ದವೆಂದು ತಿಳಿಸಿತು.

ಕಾನೂನು ಇಲ್ಲವೆಂದಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ, ೨೦೨೨ರ ತಿದ್ದುಪಡಿಯಾದಮೇಲೆ, ಮೆತ್ತನೆಯ ಚಿಪ್ಪಿನ ಕೆರೆ ಆಮೆಯೂ ನಕ್ಷತ್ರ ಆಮೆಯೂ ಮೊದಲನೆಯ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಉಂಟು. ಹಿಡಿದವನಿಗೆ ಮೂರರಿಂದ ಏಳು ವರ್ಷಗಳ ಸೆರೆಮನೆ. ೨೦೧೯ರಲ್ಲಿ ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರವನ್ನು ರಾಷ್ಟ್ರಗಳೆಲ್ಲ ಸೇರಿ ನಿಷೇಧಿಸಿದವು. ೨೦೨೨ರಲ್ಲಿ ಪನಾಮದಲ್ಲಿ ಸೇರಿದ ಸಭೆಯಲ್ಲಿ ಭಾರತದ ಸಲಹೆಯಂತೆ, ದಕ್ಷಿಣದ ನದಿಗಳಲ್ಲಿರುವ ಲೀತ್ ಮೃದುಚಿಪ್ಪಿನ ಆಮೆಗೂ ಅದೇ ರಕ್ಷಣೆ ದೊರೆಯಿತು. ಆದರೆ ಕಾನೂನು ಪೆಟ್ಟಿಗೆಯನ್ನು ವಿಮಾನನಿಲ್ದಾಣದಲ್ಲಿ ತಡೆಯಬಲ್ಲುದು. ನಮ್ಮ ಊರ ಕೆರೆಯಲ್ಲಿ ಕಳೆದ ವರ್ಷ ಎಷ್ಟು ಆಮೆಗಳಿದ್ದವು, ಈ ವರ್ಷ ಎಷ್ಟಿವೆ ಎಂಬುದನ್ನು ಹೇಳಲಾರದು. ೨೦೧೮ರ ನವೆಂಬರಿನಲ್ಲಿ ಸಿಂಗಪುರದಿಂದ ೫೧ ನಕ್ಷತ್ರ ಆಮೆಗಳು ಕರ್ನಾಟಕಕ್ಕೆ ಹಿಂದಿರುಗಿದವು. ಸಂತೋಷದ ಸಂಗತಿಯೇ. ಆದರೆ ಕಳ್ಳರ ಪೆಟ್ಟಿಗೆಯ ಮೇಲೆ ಹೊರಟ ಊರಿನ ಹೆಸರು ಬರೆದಿರುವುದಿಲ್ಲ. ಯಾವ ಗುಡ್ಡದಲ್ಲಿ ಯಾವ ಆಮೆಗಳಿದ್ದವೆಂಬ ಲೆಕ್ಕ ಇಲ್ಲದಿದ್ದರೆ, ಹಿಂದಕ್ಕೆ ಬಂದ ಆಮೆಗೂ ತನ್ನ ಮನೆ ಸಿಕ್ಕುವುದು ಕಷ್ಟ.

ಆಮೆಯ ಬಾಳಿನಲ್ಲಿ ಇನ್ನೊಂದು ಗುಟ್ಟಿದೆ. ಅದು ನಿಧಾನವಾಗಿ ಬೆಳೆಯುತ್ತದೆ, ತಡವಾಗಿ ಪ್ರಾಯಕ್ಕೆ ಬರುತ್ತದೆ. ಮೊಟ್ಟೆಗಳನ್ನು ಮುಂಗುಸಿಯೋ ನಾಯಿಯೋ ಕೆದಕಿ ತಿಂದರೆ, ಹುಟ್ಟಿದ ಮರಿಗಳಲ್ಲಿ ಬಹುಪಾಲು ಕೊಕ್ಕರೆ ಮೀನುಗಳ ಪಾಲಾಗುತ್ತವೆ. ಈ ನಷ್ಟವನ್ನೆಲ್ಲ ತುಂಬಿಕೊಡುವುದು ಬೆಳೆದ ಆಮೆಯ ದೀರ್ಘಾಯುಷ್ಯ. ವರ್ಷವರ್ಷವೂ ಮೊಟ್ಟೆಯಿಟ್ಟು ಜೀವಮಾನದಲ್ಲಿ ಎರಡು ಮೂರು ಮರಿಗಳನ್ನಾದರೂ ಅದು ದಡ ಸೇರಿಸುತ್ತದೆ. ನಾವು ಕೆರೆಯಿಂದ ಹಿಡಿಯುವುದು ಯಾವುದನ್ನು? ಬೆಳೆದುದನ್ನೇ. ಸಾಹುಕಾರರಿಗೆ ಈ ಮಾತು ಬೇಗ ತಿಳಿಯುವುದು: ನಾವು ತೆಗೆಯುತ್ತಿರುವುದು ಬಡ್ಡಿಯನ್ನಲ್ಲ, ಅಸಲನ್ನು. ಅಸಲು ಕರಗುವುದು ಕೂಡಲೇ ಕಣ್ಣಿಗೆ ಕಾಣುವುದಿಲ್ಲ. ಮುದಿ ಆಮೆ ಒಂದೆರಡು ಅಲ್ಲಲ್ಲಿ ಕಾಣುತ್ತಿರುವವರೆಗೂ ನಾವು ಎಲ್ಲವೂ ಸರಿಯಾಗಿದೆಯೆಂದು ತಿಳಿಯುತ್ತೇವೆ. ಆದಕಾರಣ ಬರಿಯ ನೆನಪು ಸಾಲದು, ಲೆಕ್ಕ ಬೇಕು.

ಲೆಕ್ಕ ಇಡುವವರು ಯಾರು? ವಿಶ್ವವಿದ್ಯಾನಿಲಯದ ಪಂಡಿತರು ಇಡಲಿ ಎಂದರೆ, ಅವರು ಎಷ್ಟು ಮಂದಿ, ನಮ್ಮ ಕೆರೆಗಳು ಎಷ್ಟು! ಒಬ್ಬ ಸಂಶೋಧಕ ವರ್ಷಕ್ಕೆ ಹತ್ತು ದಿನ ನಮ್ಮ ಕೆರೆಗೆ ಬರಬಹುದು. ಕೆರೆಯ ನೀರುಗಂಟಿ, ಕುರಿ ಕಾಯುವವನು, ಬಲೆ ಬೀಸುವವನು, ಬಟ್ಟೆ ಒಗೆಯುವ ತಾಯಿ, ಶಾಲೆಯಿಂದ ಕೆರೆಯ ಏರಿಯ ಮೇಲೆ ಬರುವ ಹುಡುಗ, ಇವರು ಮುನ್ನೂರರವತ್ತೈದು ದಿನವೂ ಅಲ್ಲಿಯೇ ಇರುತ್ತಾರೆ. ಇವರು ಕಂಡದ್ದು ಕಣ್ಣಿನಲ್ಲಿಯೇ ಉಳಿದರೆ ಅದು ಅವರ ಸಂಗಡವೇ ಹೋಗುವುದು. ಕಾಗದದ ಮೇಲೆ ಇಳಿದರೆ ವಿಜ್ಞಾನವಾಗುವುದು.

ಇದು ಬರಿಯ ಮಾತಲ್ಲ. ನಮ್ಮಂತೆಯೇ ಗಡಿನಾಡಾಗಿ ಉಳಿದ ಕಾಸರಗೋಡಿನಲ್ಲಿ ನಡೆದುದನ್ನು ಕೇಳಿ. ೧೯೫೩ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ ಆಂಧ್ರಕ್ಕೆ ಸೇರಿತು. ೧೯೫೬ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿ ಚಂದ್ರಗಿರಿ ಎಂಬ ಹೊಳೆಯುಂಟು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಪಯಸ್ವಿನಿಯನ್ನು ಕೂಡಿಕೊಂಡು ಕಡಲು ಸೇರುವುದು. ಆ ಹೊಳೆಯಲ್ಲಿ ಕ್ಯಾಂಟರನ ದೈತ್ಯ ಮೃದುಚಿಪ್ಪಿನ ಆಮೆ ಎಂಬುದೊಂದಿದೆ. ಚಿಪ್ಪು ಒಂದು ಗಜದಷ್ಟು ಉದ್ದ ಬೆಳೆಯಬಲ್ಲ ಈ ಆಮೆ ತನ್ನ ಆಯುಷ್ಯದ ಬಹುಭಾಗವನ್ನು ನದಿಯ ತಳದ ಮರಳಿನಲ್ಲಿ ಹೂತುಕೊಂಡು ಕಳೆಯುತ್ತದೆ. ಉಸಿರಿಗೆಂದು ಎಲ್ಲೋ ಒಮ್ಮೆ ಮೂಗು ಮೇಲೆತ್ತುತ್ತದೆ. ಲೋಕದಲ್ಲಿಯೇ ಅಳಿವಿನ ಅಂಚಿಗೆ ಬಂದಿರುವ ಪ್ರಾಣಿ ಇದು. ದೋಣಿಯಲ್ಲಿ ಕುಳಿತು ತಿಂಗಳುಗಟ್ಟಲೆ ಹೊಳೆ ನೋಡಿದರೂ ಪಂಡಿತರ ಕಣ್ಣಿಗೆ ಬೀಳುವಂತಹುದಲ್ಲ.

ಆಯುಷಿ ಜೈನ್ ಎಂಬ ತರುಣ ಸಂಶೋಧಕಿ ಅಲ್ಲಿಗೆ ಹೋಗಿ ಮಾಡಿದ ಕೆಲಸವೇನು? ಹೊಳೆಯನ್ನು ನೋಡುವುದಕ್ಕಿಂತ ಮೊದಲು ಹೊಳೆಯ ದಡದ ಜನರನ್ನು ಕಂಡು ಕುಳಿತು ಕೇಳಿದರು. ಯಾರ ಗಾಳಕ್ಕೆ ಯಾವಾಗ ಸಿಕ್ಕಿತ್ತು, ಯಾವ ಮಡುವಿನಲ್ಲಿ ತಲೆಯೆತ್ತಿತ್ತು, ಹಿಂದೆ ಎಷ್ಟು ಕಾಣುತ್ತಿದ್ದವು, ಈಗ ಎಷ್ಟು ಎಂದು ಕ್ರಮವಾಗಿ ಕೇಳಿ ಬರೆದುಕೊಂಡರು. ಹೀಗೆ ಕೂಡಿದ ತಿಳಿವಳಿಕೆಯಿಂದಲೇ ಆ ಆಮೆಯ ತಾವು ಗೊತ್ತಾಯಿತು. ಮೊಟ್ಟೆಯಿಡುವ ಹೆಣ್ಣಾಮೆ ಮೊತ್ತಮೊದಲ ಬಾರಿಗೆ ದಾಖಲೆಗೆ ಬಂತು. ಹೊಳೆಯ ನೀರು ಏರಿ ಮುಳುಗಿದ ಗೂಡುಗಳಿಂದ ಮೊಟ್ಟೆಗಳನ್ನು ತೆಗೆದು ಕಾಪಾಡಿ, ಅವುಗಳಿಂದ ಹೊರಬಂದ ಮರಿಗಳನ್ನು ಹೊಳೆಗೆ ಬಿಟ್ಟರು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾನಿಲಯದವರೂ ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯವರೂ ಮತ್ತೆ ಕೆಲವರೂ ಸೇರಿದ್ದ ಈ ಅಧ್ಯಯನದ ವಿವರ ೨೦೨೪ರಲ್ಲಿ ‘ಓರಿಕ್ಸ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಆಮೆ ಬಲೆಗೆ ಬಿದ್ದ ಕೂಡಲೇ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುವ ಏರ್ಪಾಟನ್ನೂ, ಹೊಳೆಯ ಬಳಿಯಲ್ಲಿಯೇ ಮರಿಮಾಡಿಸುವ ತಾಣವನ್ನೂ ಮುಂದಿನ ಹೆಜ್ಜೆಗಳೆಂದು ಯೋಚಿಸಿದರು. ಮಹನೀಯರೇ, ಆ ವಿಜ್ಞಾನದ ಮೊದಲ ಸಾಲನ್ನು ಹೇಳಿಕೊಟ್ಟವರು ಗಾಳ ಹಾಕಿ ಕುಳಿತಿದ್ದ ಜನ.

ದೂರವೇಕೆ, ನಮ್ಮ ಮಗ್ಗುಲಲ್ಲಿಯೇ ಹಿಂದೂಪುರದ ಬಳಿ ಚಿಲಮತ್ತೂರಿನ ವೀರಾಪುರವಿದೆ. ಅಲ್ಲಿನ ಹುಣಿಸೆಮರಗಳಿಗೆ ವರ್ಷವರ್ಷವೂ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಲು ಬರುತ್ತವೆ. ಊರವರು ಅವುಗಳನ್ನು ತವರಿಗೆ ಬಂದ ಮಗಳಂತೆ ಕಾಣುತ್ತಾರೆ. ಮಂಡ್ಯ ಸೀಮೆಯ ಕೊಕ್ಕರೆ ಬೆಳ್ಳೂರಿನಲ್ಲಿಯೂ ಹಾಗೆಯೇ. ಕೊಕ್ಕರೆ ದೊಡ್ಡ ಹಕ್ಕಿ, ಮರದ ತುದಿಯಲ್ಲಿ ಕೂರುತ್ತದೆ, ಎಲ್ಲರಿಗೂ ಕಾಣುತ್ತದೆ. ಆಮೆ ಕೆಸರಿನಲ್ಲಿರುತ್ತದೆ, ಕೂಗುವುದಿಲ್ಲ, ಹಾರುವುದಿಲ್ಲ. ಹಕ್ಕಿಗೆ ತೋರಿಸಿದ ಅಕ್ಕರೆಯನ್ನು ಆಮೆಗೂ ತೋರಿಸಬೇಕಾದರೆ ಕಣ್ಣು ಸ್ವಲ್ಪ ಹೆಚ್ಚು ಕೆಲಸ ಮಾಡಬೇಕು, ಅಷ್ಟೇ.

ಹಾಗಾದರೆ ನಾವು ಮಾಡಬಹುದಾದುದೇನು? ನನ್ನದು ಒಂದು ಸಣ್ಣ ಸಲಹೆ. ನಮ್ಮ ಪ್ರತಿಯೊಂದು ಕನ್ನಡ ಶಾಲೆಯಲ್ಲಿಯೂ, ಸಂಘದ ಪ್ರತಿಯೊಂದು ಶಾಖೆಯಲ್ಲಿಯೂ ಒಂದು ‘ಕೆರೆಯ ಪುಸ್ತಕ’ವನ್ನು ಇಡೋಣ. ನೂರು ಪುಟದ ಸಾಮಾನ್ಯ ನೋಟುಪುಸ್ತಕ ಸಾಕು. ಅದರಲ್ಲಿ ಬರೆಯಬೇಕಾದುದು ಇಷ್ಟು: ತಾರೀಖು, ಹೊತ್ತು, ಕೆರೆಯ ಹೆಸರು, ಕೆರೆಯಲ್ಲಿ ನೀರು ಎಷ್ಟಿತ್ತು, ಆಮೆ ಯಾವ ಬಗೆಯದು, ಎಷ್ಟು ಗೇಣು ಉದ್ದ, ಬದುಕಿತ್ತೋ ಸತ್ತಿತ್ತೋ, ಏನು ಮಾಡುತ್ತಿತ್ತು, ಕಂಡವರು ಯಾರು. ವಾರಕ್ಕೊಮ್ಮೆ ಗೊತ್ತಾದ ಹೊತ್ತಿನಲ್ಲಿ ಇಬ್ಬರು ಮಕ್ಕಳು ಒಬ್ಬ ಹಿರಿಯರೊಡನೆ ಕೆರೆಯ ಏರಿಯ ಮೇಲೆ ನಡೆದು ನೋಡಲಿ. ಆಮೆ ಕಾಣದ ದಿನ ‘ಕಾಣಲಿಲ್ಲ’ ಎಂದು ತಪ್ಪದೆ ಬರೆಯಲಿ. ಕಂಡ ದಿನವನ್ನು ಮಾತ್ರ ಬರೆದು ಕಾಣದ ದಿನವನ್ನು ಬಿಟ್ಟರೆ, ಅದು ಲಾಭವನ್ನು ಬರೆದು ನಷ್ಟವನ್ನು ಮುಚ್ಚಿಟ್ಟ ಅಂಗಡಿಯ ಲೆಕ್ಕದಂತಾಗುವುದು.

ಕೆರೆಯೊಳಗಿನ ಆಮೆಗಳನ್ನೆಲ್ಲ ಎಣಿಸುವುದು ಹೇಗೆಂದು ಮಕ್ಕಳು ಕೇಳಬಹುದು. ಅದಕ್ಕೊಂದು ಜಾಣ ಉಪಾಯವಿದೆ. ಮನೆಯಲ್ಲಿಯೇ ಮಾಡಿ ನೋಡಿ. ಒಂದು ಪಾತ್ರೆಯಲ್ಲಿ ಅವರೆಕಾಳು ತುಂಬಿ, ಇಪ್ಪತ್ತು ಕಾಳು ತೆಗೆದು ಅರಿಸಿನ ಹಚ್ಚಿ, ಮತ್ತೆ ಪಾತ್ರೆಗೆ ಹಾಕಿ ಚೆನ್ನಾಗಿ ಬೆರೆಸಿ. ಕಣ್ಣುಮುಚ್ಚಿ ಮತ್ತೆ ಇಪ್ಪತ್ತು ಕಾಳು ತೆಗೆಯಿರಿ. ಅದರಲ್ಲಿ ಐದಕ್ಕೆ ಅರಿಸಿನವಿದ್ದರೆ, ಗುರುತಿನ ಕಾಳು ನಾಲ್ಕರಲ್ಲಿ ಒಂದು ಎಂದಾಯಿತು. ಗುರುತು ಹಚ್ಚಿದ್ದು ಇಪ್ಪತ್ತಾದುದರಿಂದ ಪಾತ್ರೆಯಲ್ಲಿ ಸುಮಾರು ಎಂಬತ್ತು ಕಾಳು. ವಿಜ್ಞಾನಿಗಳು ಆಮೆಯ ಚಿಪ್ಪಿಗೆ ಗುರುತು ಮಾಡಿ ಎಣಿಸುವುದೂ ಇದೇ ಲೆಕ್ಕದಿಂದ. ಆದರೆ ಆಮೆಯನ್ನು ಹಿಡಿದು ಗುರುತು ಮಾಡುವುದು ಅರಣ್ಯ ಇಲಾಖೆಯ ಅನುಮತಿ ಪಡೆದ ತಜ್ಞರ ಕೆಲಸ; ನಾವು ಮಾಡತಕ್ಕುದಲ್ಲ. ನೋಡುವುದಕ್ಕೂ ಬರೆಯುವುದಕ್ಕೂ ಯಾರ ಅಪ್ಪಣೆಯೂ ಬೇಡ.

ಇದರೊಡನೆ ನಾಲ್ಕು ಎಚ್ಚರಿಕೆಗಳು. ಒಂದು: ನಕ್ಷತ್ರ ಆಮೆಯನ್ನು ಕಂಡ ಸ್ಥಳವನ್ನು ಫೋನಿನ ಗುಂಪುಗಳಲ್ಲಿ ಹಂಚಬೇಡಿ. ನಿಮ್ಮ ಸಂತೋಷದ ಸುದ್ದಿ ಕಳ್ಳನಿಗೆ ದಾರಿ ತೋರಿಸುವ ಕೈಮರವಾಗುವುದು. ಅದು ಪುಸ್ತಕದಲ್ಲಿರಲಿ, ಪುಸ್ತಕ ಉಪಾಧ್ಯಾಯರ ಬೀರುವಿನಲ್ಲಿರಲಿ. ಎರಡು: ರಸ್ತೆಯಲ್ಲಿ ಆಮೆ ಸಿಕ್ಕಿದರೆ ಅದು ಮುಖ ಮಾಡಿದ ದಿಕ್ಕಿಗೇ ದಾಟಿಸಿ ಬಿಡಿ; ಮನೆಗೆ ತರಬೇಡಿ, ಬಾವಿಗೆ ಬಿಡಬೇಡಿ. ಮೂರು: ಪಟ್ಟಣದ ಅಂಗಡಿಯಲ್ಲಿ ಕೊಂಡ, ಕಿವಿಯ ಬಳಿ ಕೆಂಪು ಪಟ್ಟೆಯಿರುವ ಪರದೇಶದ ಆಮೆಯನ್ನು ಸಾಕಿ ಬೇಸರವಾದಾಗ ಕೆರೆಗೆ ಬಿಡಬೇಡಿ; ಅದು ನಮ್ಮ ಆಮೆಗಳ ಅನ್ನಕ್ಕೂ ತಾವಿಗೂ ಪಾಲುದಾರನಾಗುವುದು. ನಾಲ್ಕು: ಕೆರೆಯ ಹೂಳು ತೆಗೆಸುವಾಗ ಯಂತ್ರದ ಮುಂದೆ ಊರಿನ ಒಬ್ಬರು ನಿಂತು ನೋಡಲಿ. ತೂಬಿನ ಬಳಿಯ ಹಸಿ ಕೆಸರನ್ನು ಕಡೆಯವರೆಗೆ ಮುಟ್ಟದಿರಲಿ. ಆಮೆ ಎದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ಅದೇ ಕೆರೆಯ ಹಸಿ ಜಾಗದಲ್ಲಿ ಬಿಡುವ ಏರ್ಪಾಟಾಗಲಿ.

ಈ ಪುಸ್ತಕ ಯಾರಿಗೆ ಬೇಕು ಎನ್ನುವವರಿಗೆ ಒಂದು ಮಾತು. ೨೦೦೨ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಪಂಚಾಯತಿಯೂ ತನ್ನ ಎಲ್ಲೆಯಲ್ಲಿರುವ ಗಿಡಮರ ಪ್ರಾಣಿಪಕ್ಷಿಗಳ ಜನತಾ ದಾಖಲೆಯನ್ನು ಇಡಬೇಕು. ಮಾಧವ ಗಾಡ್ಗೀಳರಂತಹ ವಿದ್ವಾಂಸರು ಹಳ್ಳಿಯವರ ತಿಳಿವಳಿಕೆಯೂ ವಿಜ್ಞಾನವೇ ಎಂದು ದೀರ್ಘಕಾಲ ವಾದಿಸಿದುದರ ಫಲ ಅದು. ಆ ದಾಖಲೆಯನ್ನು ಹೊರಗಿನ ಯಾರೋ ಬಂದು ಒಂದು ದಿನದಲ್ಲಿ ತುಂಬಿಸಿ ಹೋಗುವುದಕ್ಕಿಂತ, ನಮ್ಮ ಮಕ್ಕಳು ಹತ್ತು ವರ್ಷ ನೋಡಿ ಬರೆದುದು ಅದರಲ್ಲಿ ಸೇರಿದರೆ ಎಷ್ಟು ಮೇಲು!

ಇಲ್ಲಿ ನಮ್ಮ ಸಂಘದ ಕೆಲಸವೂ ಆಮೆಯ ಕೆಲಸವೂ ಒಂದಾಗುತ್ತವೆ. ನಮ್ಮ ಅಜ್ಜ ಅಜ್ಜಿಯರಿಗೆ ತಿಳಿದಿರುವ ಕೆರೆಯ ವಿದ್ಯೆಯೆಲ್ಲ ಕನ್ನಡದಲ್ಲಿದೆ. ಆಮೆ ಯಾವ ಮಳೆಗೆ ಏಳುವುದು, ಎಲ್ಲಿ ಮೊಟ್ಟೆಯಿಡುವುದು ಎಂಬುದನ್ನು ಅವರು ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳ ಲೆಕ್ಕದಲ್ಲಿ ಹೇಳುತ್ತಾರೆ. ಮೊಮ್ಮಗನಿಗೆ ಆ ಮಾತು ಅರ್ಥವಾಗದಿದ್ದರೆ ನುಡಿಯೂ ಹೋಯಿತು, ನುಡಿಯೊಳಗಿದ್ದ ತಿಳಿವಳಿಕೆಯೂ ಹೋಯಿತು. ಕನ್ನಡ ಮಾಧ್ಯಮದಲ್ಲಿ ಓದಿದರೆ ವಿಜ್ಞಾನ ಬರುವುದಿಲ್ಲವೆಂದು ಹೆದರುವ ತಾಯಿತಂದೆಗಳಿಗೆ ನಾನು ಹೇಳುವುದಿಷ್ಟೆ: ಈ ವಿಜ್ಞಾನದ ಮೊದಲ ಪಾಠ ಕನ್ನಡ ಬಲ್ಲ ಮಗುವಿಗೇ ದೊರೆಯುವುದು, ಏಕೆಂದರೆ ಪಾಠ ಹೇಳುವ ಅಜ್ಜಿ ಮನೆಯಲ್ಲಿಯೇ ಇದ್ದಾಳೆ. ನಮ್ಮ ತೆಲುಗು ಸೋದರರ ಮಕ್ಕಳೂ ತಮ್ಮ ನುಡಿಯಲ್ಲಿ ಬರೆಯಲಿ; 

ಎರಡು ನುಡಿಗಳ ಪುಸ್ತಕಗಳನ್ನು ಪಕ್ಕದಲ್ಲಿಟ್ಟು ಓದಿದರೆ ಕೆರೆಯ ಕತೆ ಪೂರ್ತಿಯಾದೀತು.

ಗಡಿಗಳನ್ನು ಬರೆದವರು ಮನುಷ್ಯರು. ೨೦೨೨ರ ಏಪ್ರಿಲಿನಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ನೀರು ಈ ಎಲ್ಲೆಗಳನ್ನು ಕೇಳುವುದಿಲ್ಲ. ಬಾಬಾಬುಡನ್ ಗಿರಿಯ ಮಳೆ ವೇದಾವತಿಯಾಗಿ ಹಿರಿಯೂರನ್ನು ಹಾದು, ನಮ್ಮಲ್ಲಿ ಹಗರಿಯೆನಿಸಿಕೊಂಡು, ಬಳ್ಳಾರಿಯ ಕಡೆಗೆ ಹೋಗಿ ತುಂಗಭದ್ರೆಯನ್ನು ಸೇರುವುದು. ಕರ್ನಾಟಕದಿಂದ ಹೊರಟು ಆಂಧ್ರದಲ್ಲಿ ಹಾದು ಮತ್ತೆ ಕರ್ನಾಟಕಕ್ಕೆ ಹೋಗುವ ಆ ಹೊಳೆಯ ಆಮೆ ಯಾವ ರಾಜ್ಯದ್ದು? ಅದನ್ನು ನೋಡಿ ಬರೆದಿಟ್ಟವರದು ಎಂದು ನಾನು ಹೇಳುತ್ತೇನೆ.

ನನ್ನ ಮಾತು ಮುಗಿಯಿತು. ಈ ಉತ್ಸವ ಮುಗಿದ ಮೇಲೆ ನಾನು ಊರಿಗೆ ಹೋಗಿ, ನಮ್ಮ ಶಾಲೆಗೆ ಒಂದು ನೋಟುಪುಸ್ತಕವನ್ನು ಕೊಡುವವನಿದ್ದೇನೆ. ಅದರ ಮೊದಲ ಪುಟವನ್ನು ನಾನೇ ಬರೆಯುವೆನು. ನಾನು ಹತ್ತು ವರ್ಷದವನಾಗಿದ್ದಾಗ ನಮ್ಮ ಕೆರೆಯಿಂದ ಒಂದು ಆಮೆಯನ್ನು ತೆಗೆದೆನೆಂದೂ, ಅದು ಅಂಗೈಗಿಂತ ಸ್ವಲ್ಪ ದೊಡ್ಡದಿತ್ತೆಂದೂ, ಬದುಕಿತ್ತೆಂದೂ ಬರೆಯುವೆನು. ಮುಂದೇನಾಯಿತೆಂಬ ಕಡೆ ‘ತಿಳಿಯದು’ ಎಂದು ಬರೆಯಬೇಕಾಗಿದೆ. ನಿಮ್ಮ ಮಕ್ಕಳು ಬರೆಯುವ ಪುಟಗಳಲ್ಲಿ ಆ ಒಂದು ಮಾತು ಬಾರದಿರಲಿ ಎಂಬುದೇ ನನ್ನ ಪ್ರಾರ್ಥನೆ.